ಬೋರ್ಡಿನ ಮೇಲಿನ ಕಳ್ಳ

ಬೈಲಹೊಂಗಲದ ನಮ್ಮ ಮನೆಯ ಎದುರಿಗಿರುವ ಸವಿತಾಗೆ ಈ ವರ್ಷ ರಾಮದುರ್ಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಶಿಕ್ಷಕಿಯ ಕೆಲಸ ಸಿಕ್ಕಿತು. ಪೇಢೆ ಕೊಡಲು ಬಂದವಳು ಚಹಾ ಮುಗಿಯುವುದರೊಳಗೆ ತನ್ನ ಕಷ್ಟವನ್ನೂ ಹೇಳಿಕೊಂಡಳು. ತರಬೇತಿಯಲ್ಲಿ ಒಂದು ಪ್ರಬಂಧ ಬರೆಯಲು ಹೇಳಿದ್ದಾರಂತೆ: ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನ್ ಪಾಠ ಒಳ್ಳೆಯದೋ, ತರಗತಿಯ ಪಾಠ ಒಳ್ಳೆಯದೋ. ಕಾಕಾ, ನೀವು ಎರಡೂ ಮಾಡಿದವರು, ಏನಂತೀರಿ ಎಂದು ಕೇಳಿದಳು. ನಾನು ಯೋಚಿಸುತ್ತ ಎರಡು ಪೇಢೆ ತಿಂದೆ. ಮೂರನೆಯದಕ್ಕೆ ಕೈ ಹಾಕಿದಾಗ ನನ್ನ ಹೆಂಡತಿ ಶಾಂತಾ ಡಬ್ಬಿಯನ್ನೇ ಎತ್ತಿಕೊಂಡು ಒಳಗೆ ಹೋದಳು. ಒಂದು ವಾರ ಬಿಟ್ಟು ಬಾ, ಬರೆದು ಕೊಡುತ್ತೇನೆ ಎಂದು ಸವಿತಾಳನ್ನು ಕಳಿಸಿದೆ.

ಅವಳಿಗೆ ಬೇಕಾದದ್ದು ಎಡಕ್ಕೆ ಐದು ಲಾಭ, ಬಲಕ್ಕೆ ಐದು ನಷ್ಟ. ನನ್ನ ಹತ್ತಿರ ಅಂಥದ್ದೇನೂ ಇಲ್ಲ. ನನಗೆ ಗೊತ್ತಿರುವುದು ಒಬ್ಬ ಹುಡುಗಿಯ ನೋಟ್‌ಬುಕ್ಕಿನ ಒಂದು ಪುಟ. ಆ ಪುಟದ ಕಥೆ ಹೇಳಬೇಕಾದರೆ ಮೂವತ್ತೈದು ವರ್ಷ ಹಿಂದೆ ನಾನು ಹೇಳಿದ ಒಂದು ಸುಳ್ಳಿನಿಂದ ಶುರು ಮಾಡಬೇಕಾಗುತ್ತದೆ.

ನನಗೂ ಮೊದಲ ಕೆಲಸ ಸಿಕ್ಕದ್ದು ರಾಮದುರ್ಗದ ಕಡೆಗೇ. ಶಾಲೆಯ ಸುತ್ತ ನೇಕಾರರ ಮನೆಗಳು, ದಿನವಿಡೀ ಮಗ್ಗದ ಸಪ್ಪಳ. ಅದರ ಮೇಲೆ ನನ್ನ ದನಿ ಕೇಳಬೇಕೆಂದು ಒದರಿ ಒದರಿ ಪಾಠ ಮಾಡುತ್ತಿದ್ದೆ. ಬೋರ್ಡಿಗೆ ಮುಖ, ಮಕ್ಕಳಿಗೆ ಬೆನ್ನು. ಲೆಕ್ಕ ಮುಗಿಸಿ ತಿರುಗಿ ನೋಡಿ, ತಿಳೀತಿಲ್ಲೋ ಎಂದರೆ ಎಲ್ಲರೂ ತಿಳೀತ್ರಿ ಎನ್ನುತ್ತಿದ್ದರು. ನಾನು ದೊಡ್ಡ ಶಿಕ್ಷಕ ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದ ಕಾಲ ಅದು.

ಒಂದು ದಿನ ಹೆಡ್‌ಮಾಸ್ತರ ಹೊಸಮನಿ ಸರ್ ಹೇಳದೆ ಕೇಳದೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಗಡಿಬಿಡಿಯಲ್ಲಿ ಮೈನಸ್ ಬರೆಯಬೇಕಾದಲ್ಲಿ ಪ್ಲಸ್ ಬರೆದು ಮುಂದೆ ಹೋಗಿಬಿಟ್ಟೆ. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಅಲ್ಲಿ ಮೈನಸ್ ಬರಬೇಕ್ರಿ ಎಂದಳು. ನಾನು ನಕ್ಕು, ಭೇಷ್, ಬೋರ್ಡಿನ ಮೇಲೆ ಬೇಕಂತಲೇ ಒಬ್ಬ ಕಳ್ಳನನ್ನು ಬಚ್ಚಿಟ್ಟಿದ್ದೆ, ಯಾರು ಹಿಡಿಯುತ್ತೀರಿ ನೋಡೋಣ ಅಂತ ಎಂದೆ. ಮಕ್ಕಳು ಚಪ್ಪಾಳೆ ಹೊಡೆದರು.

ತಾಸು ಮುಗಿದ ಮೇಲೆ ಹೊಸಮನಿ ಸರ್ ನನ್ನನ್ನು ತಮ್ಮ ಕೋಣೆಗೆ ಕರೆದು ಚಹಾ ತರಿಸಿದರು. ಅವರು ಬೈಯುವ ಪೈಕಿ ಅಲ್ಲ, ಬೈದಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಇರುತ್ತಿರಲಿಲ್ಲ.

"ಹುಡುಗರ ಮುಂದ ಸುಳ್ಳ ಹೇಳಿದ್ರಿ," ಅಂದರು. "ಇರ್ಲಿ. ನಾಳಿಯಿಂದ ಅದನ್ನ ಖರೇ ಮಾಡ್ರಿ. ದಿನಾ ಒಂದ ಕಳ್ಳ ಇಡ್ರಿ."

ಹೀಗೆ ನನ್ನ ಪದ್ಧತಿ ಹುಟ್ಟಿತು. ಪ್ರತಿ ತಾಸಿನಲ್ಲಿ ಒಂದು ತಪ್ಪು, ಬೇಕಂತ. ಮಕ್ಕಳಿಗೆ ಅದು ಆಟ. ಕಳ್ಳ ಅದಾನ್ರಿ ಸರ ಎಂದು ಯಾರಾದರೂ ಕೂಗುವವರೆಗೆ ನಾನು ಮುಂದೆ ಹೋಗುವ ಹಾಗಿಲ್ಲ. ನಿಜ ಹೇಳಬೇಕೆಂದರೆ ಆಟದಿಂದ ಮಕ್ಕಳಿಗಿಂತ ಹೆಚ್ಚು ಕಲಿತವನು ನಾನು. ಕಳ್ಳನನ್ನು ಇಟ್ಟ ಮೇಲೆ ತಿರುಗಿ ನಿಂತು ಮಕ್ಕಳನ್ನೇ ನೋಡಬೇಕಲ್ಲ. ಆಗ ಗೊತ್ತಾಯಿತು, ತಿಳಿದವರು ಯಾರು, ತಿಳಿದವರಂತೆ ತಲೆ ಆಡಿಸುವವರು ಯಾರು, ಪಕ್ಕದವರ ನೋಟ್‌ಬುಕ್ಕಿನಲ್ಲಿ ಇಣುಕುವವರು ಯಾರು ಎಂದು. ಕೆಲವರು ಕೂಗಿ ಹಿಡಿಯುತ್ತಿದ್ದರು. ಕೆಲವರು ಮುಖ ಸಿಂಡರಿಸಿ ಸುಮ್ಮನೆ ಕೂರುತ್ತಿದ್ದರು, ಬಾಯಿ ಬಿಡಿಸುವುದು ನನ್ನ ಕೆಲಸ.

ಆಮೇಲೆ ಕಿತ್ತೂರಿಗೆ ವರ್ಗವಾಯಿತು. ಅಲ್ಲಿದ್ದಾಗಲೇ ಶಾಲೆಗಳಿಗೆ ಹೊಸ ಹೊಸ ಯಂತ್ರಗಳು ಬರತೊಡಗಿದ್ದು. ಮೊದಲು ರೇಡಿಯೋ ಪಾಠ, ಮಕ್ಕಳು ಗೋಡೆಗೆ ಒರಗಿ ಕೇಳುತ್ತಿದ್ದರು, ಅರ್ಧ ಮಂದಿ ನಿದ್ದೆಗೆ ಜಾರುತ್ತಿದ್ದರು. ಆಮೇಲೆ ಟಿ.ವಿ., ಕೊನೆಗೆ ಗೋಡೆಯ ಮೇಲೆ ಚಿತ್ರ ಬೀಳುವ ಪ್ರೊಜೆಕ್ಟರು. ಆಗಿನ ನಮ್ಮ ಮುಖ್ಯಸ್ಥರಿಗೆ ಅದು ಕೆಟ್ಟೀತೆಂಬ ಭಯ ಎಷ್ಟೆಂದರೆ, ಅದಕ್ಕೊಂದು ಹೊದಿಕೆ ಹೊಲಿಸಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಗೆ ತೆಗೆದು ಕುಂಕುಮ ಹಚ್ಚಿ ಮತ್ತೆ ಒಳಗಿಡುತ್ತಿದ್ದರು. ನಾನೂ ಮುಟ್ಟಲು ಹೋಗಲಿಲ್ಲ. ಯಂತ್ರ ಕಂಡರೆ ದೂರ ಸರಿಯುವ ಚಾಳಿ ಆಗಲೇ ನನಗೆ ಹತ್ತಿತ್ತು, ಅದರ ದಂಡ ಆಮೇಲೆ ಕಟ್ಟಬೇಕಾಯಿತು.

ನಿವೃತ್ತಿಗೆ ಕೆಲವು ವರ್ಷ ಉಳಿದಿದ್ದಾಗ ಸವದತ್ತಿ ತಾಲ್ಲೂಕಿಗೆ, ಮಲಪ್ರಭೆಯ ದಂಡೆಯ ಒಂದು ಊರಿಗೆ ಬಂದೆ. ಮನೋಳಿಯಿಂದ ಬಸ್ಸು ಬದಲಿಸಿ ಹೋಗಬೇಕು. ರೇಷ್ಮಾ ಸಿಕ್ಕದ್ದು ಅಲ್ಲಿ, ಒಂಬತ್ತನೆಯ ತರಗತಿಯಲ್ಲಿ. ಅವಳ ಅಪ್ಪ ಬಾಬುಸಾಬ ಲಾರಿ ಡ್ರೈವರ್. ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಲಾರಿಯಲ್ಲಿ ಕಬ್ಬು ಹೊಡೆಯುವುದು, ಉಳಿದ ದಿನ ಸಿಕ್ಕ ಲೋಡು. ಹುಡುಗಿ ಮಾತೇ ಆಡುತ್ತಿರಲಿಲ್ಲ. ಹಾಜರಿ ಕರೆದಾಗ ಅವಳು ಹೇಳುವ ಎಸ್ಸರ್ ನನ್ನ ಟೇಬಲ್ಲಿನ ತನಕ ಬಂದು ಮುಟ್ಟುತ್ತಿರಲಿಲ್ಲ. ಆದರೆ ನಾನು ಬೋರ್ಡಿನ ಮೇಲೆ ಕಳ್ಳನನ್ನು ಇಟ್ಟ ಕ್ಷಣಕ್ಕೆ ಅವಳ ಪೆನ್ನು ನಿಲ್ಲುತ್ತಿತ್ತು. ಕೂಗುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ತಪ್ಪು ಅವಳ ನೋಟ್‌ಬುಕ್ಕಿಗೆ ಇಳಿಯುತ್ತಿರಲಿಲ್ಲ, ಅಷ್ಟೇ. ಇಡೀ ತರಗತಿ ಗಡಿಬಿಡಿಯಲ್ಲಿ ನಕಲು ಮಾಡುವಾಗ ಆ ಒಂದು ಪೆನ್ನು ನಿಂತಿರುವುದನ್ನು ನೋಡಿ ನನಗೆ ಒಳಗೊಳಗೇ ಖುಷಿ.

ಇಂಥ ತಲೆ ನನ್ನ ಕೈಗೆ ಎರಡೋ ಮೂರೋ ಬಂದಿರಬಹುದು. ಒಂದು ದಿನ ಬಾಬುಸಾಬನನ್ನು ಶಾಲೆಗೆ ಕರೆಸಿ, ಹತ್ತನೆಯದು ಮುಗಿದ ಮೇಲೆ ಇವಳನ್ನು ಬೈಲಹೊಂಗಲದಲ್ಲಿ ಸೈನ್ಸಿಗೆ ಹಚ್ಚು, ಗಣಿತ ಬಿಡಿಸಬೇಡ ಎಂದು ಹೇಳಿದೆ. ಆತ ಟೋಪಿ ತೆಗೆದು ಕೈಯಲ್ಲಿ ಹಿಡಿದು, ನೀವು ಹೇಳಿದ ಮೇಲೆ ಮುಗೀತ್ರಿ ಎಂದ. ಆ ಮಾತಿನ ಭಾರ ನನಗೆ ಆವತ್ತು ತಿಳಿಯಲಿಲ್ಲ.

ಅವಳು ಹತ್ತನೆಯದಕ್ಕೆ ಬರುವ ಹೊತ್ತಿಗೆ ಕೊರೊನಾ ಬಂತು, ಶಾಲೆಗೆ ಕೀಲಿ ಬಿತ್ತು. ಎಲ್ಲರೂ ಆನ್‌ಲೈನ್ ಪಾಠ ಮಾಡಬೇಕೆಂದಾಯಿತು. ನನ್ನ ಸ್ಟುಡಿಯೋ ಅಡುಗೆಮನೆಯ ಪಕ್ಕದ ಕೋಣೆ. ಜೋಳದ ಡಬ್ಬಿಯ ಮೇಲೆ ಫೋನು ನಿಲ್ಲಿಸಿ ನೋಡಿದೆವು, ಬಿತ್ತು. ಕೊನೆಗೆ ಶಾಂತಾ ಕೈಯಲ್ಲಿ ಹಿಡಿದು ನಿಂತಳು. ನಾನು ತಪ್ಪಿದಾಗಲೆಲ್ಲ ಅವಳು ನಗುವುದು, ಫೋನು ಅಲುಗುವುದು. ಮೊದಲ ವಿಡಿಯೋದಲ್ಲಿ ಕುಕ್ಕರಿನ ಮೂರು ಸೀಟಿಗಳಿವೆ. ಮಕ್ಕಳು ಆ ಪಾಠವನ್ನು ಮರೆತಿರಬಹುದು, ಸೀಟಿಯನ್ನು ಮರೆತಿಲ್ಲ. ಮೊನ್ನೆ ಸಂತೆಯಲ್ಲಿ ಸಿಕ್ಕ ಒಬ್ಬಾಕೆ, ಆವತ್ತು ಬ್ಯಾಳಿ ಇಟ್ಟಿದ್ರೇನ್ರಿ ಸರ ಎಂದು ಕೇಳಿದಳು.

ಸವಿತಾ, ನೀನು ನಿನ್ನ ಪ್ರಬಂಧದಲ್ಲಿ ಫೋನಿನ ಪಾಠವನ್ನು ಬರೀ ಬೈದು ಬರೆಯಬೇಡ. ರೇಷ್ಮಾ ಬಾಯಿ ಬಿಟ್ಟಿದ್ದು ಫೋನಿನಲ್ಲಿಯೇ. ಬಾಬುಸಾಬ ಸಂಜೆ ಮನೆಗೆ ಬಂದಾಗ ಅವನ ಫೋನು ಅವಳ ಕೈಗೆ ಬರುತ್ತಿತ್ತು. ಆಗ ಒಂದೊಂದಾಗಿ ಮೆಸೇಜು. ಒಂದು ವರ್ಷ ನನ್ನ ಎದುರಿಗೆ ಕುಳಿತು ಒಂದೂ ಪ್ರಶ್ನೆ ಕೇಳದ ಹುಡುಗಿ, ತಿಂಗಳೊಪ್ಪತ್ತಿನಲ್ಲಿ ಹತ್ತಾರು ಪ್ರಶ್ನೆ ಕೇಳಿದಳು. ಸೊನ್ನೆಯಿಂದ ಭಾಗಿಸಿದರೆ ಯಾಕೆ ನಡೆಯುವುದಿಲ್ಲ, ವೃತ್ತಕ್ಕೆ ಎಷ್ಟು ಬಾಹು ಅನ್ನಬೇಕು, ಇಂಥವು. ಓದಿ ಶಾಂತಾಗೆ ತೋರಿಸುತ್ತಿದ್ದೆ. ನಾಲ್ಕು ಜನರ ಮುಂದೆ ಬಾಯಿ ಬಾರದ ಮಗುವಿಗೆ ಅಪ್ಪನ ಫೋನು ಒಂದು ಮರೆ ಕೊಟ್ಟಿತ್ತು. ನಮ್ಮ ತರಗತಿಯಲ್ಲಿ ಅಂಥ ಮರೆಯನ್ನು ನಾನು ಎಂದೂ ಕಟ್ಟಿಕೊಟ್ಟಿರಲಿಲ್ಲ.

ಹೀಗಿರುವಾಗ ಸಮರೂಪ ತ್ರಿಭುಜಗಳ ಪಾಠ ಬಂತು. ಆಕಾರ ಒಂದೇ, ಅಳತೆ ಬೇರೆ, ಅಂಥ ಎರಡು ತ್ರಿಭುಜ. ದೊಡ್ಡದರ ಬಾಹುಗಳು ಚಿಕ್ಕದರ ಎರಡು ಪಟ್ಟು ಇದ್ದರೆ ಅದರ ವಿಸ್ತೀರ್ಣ ನಾಲ್ಕು ಪಟ್ಟು ಆಗುತ್ತದೆ. ಹೊಲದ ಉದ್ದವನ್ನೂ ಅಗಲವನ್ನೂ ದುಪ್ಪಟ್ಟು ಮಾಡಿದರೆ ನಾಲ್ಕು ಪಟ್ಟು ಬೀಜ ಬೇಕಲ್ಲ, ಹಾಗೆ. ನಾನು ರೂಢಿಯಂತೆ ಕಳ್ಳನನ್ನು ಇಟ್ಟೆ. ಒಂದಕ್ಕೆ ನಾಲ್ಕು ಎಂದು ಬರೆಯುವಲ್ಲಿ ಒಂದಕ್ಕೆ ಎರಡು ಎಂದು ಬರೆದು, ಫೋನಿನ ಕಡೆ ತಿರುಗಿ, ನೋಡ್ರಿ ಮತ್ತ ಎಂದು ಕೈ ಕಟ್ಟಿ ನಿಂತೆ. ಎದುರಿಗೆ ಶಾಂತಾ ಒಬ್ಬಳೇ. ಅವಳಿಗೆ ಏನು ಗೊತ್ತು, ಫೋನು ಹಿಡಿದೇ ನಿಂತಳು. ಉದ್ದದ ವಿಡಿಯೋ ಹೋಗುವುದಿಲ್ಲ ಎಂದು ಅಲ್ಲಿಗೇ ಮುಗಿಸಿ ಕಳಿಸಿದೆ. ಕಳ್ಳನನ್ನು ಹಿಡಿದುಕೊಡುವುದು ನಾಳೆಯ ಎರಡನೆಯ ಭಾಗದಲ್ಲಿ ಎಂದುಕೊಂಡೆ.

ಮರುದಿನ ನನಗೆ ಜ್ವರ. ಆ ಜ್ವರವೇ. ಕೋಣೆಯಲ್ಲಿ ಒಬ್ಬನೇ ಮಲಗಿದ್ದೆ, ಶಾಂತಾ ಬಾಗಿಲ ಬಳಿ ಗಂಜಿ ಇಟ್ಟು ಹೋಗುತ್ತಿದ್ದಳು. ಮಕ್ಕಳ ಮೆಸೇಜುಗಳು ಬರುತ್ತಲೇ ಇದ್ದವು. ತಿಳಿಯಲಿಲ್ಲ, ಕಾಣಲಿಲ್ಲ, ದನಿ ಕೇಳಲಿಲ್ಲ, ಹೀಗೆ. ಎಲ್ಲರಿಗೂ ಒಂದೇ ಸಾಲು ಬರೆದು ಕಳಿಸಿದೆ: ವಿಡಿಯೋ ಇನ್ನೊಮ್ಮೆ ನೋಡಿರಿ. ಎದ್ದು ಓಡಾಡುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಹಿಂದೆ ಬಿದ್ದಿದ್ದೇವೆ ಎಂಬ ಗಾಬರಿಯಲ್ಲಿ ಮುಂದಿನ ಪಾಠ ಶುರು ಮಾಡಿದೆ. ಎರಡನೆಯ ಭಾಗ ಎಂಬುದೊಂದು ಇತ್ತು ಎನ್ನುವುದೇ ಮರೆತುಹೋಯಿತು. ರೇಷ್ಮಾಳ ಪ್ರಶ್ನೆಗಳು ಬರುವುದು ನಿಂತದ್ದು ಗಮನಕ್ಕೆ ಬಂತು. ಅಪ್ಪ ದೂರದ ಲೋಡಿಗೆ ಹೋಗಿರಬೇಕು, ಫೋನು ಸಿಗುತ್ತಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಶಾಲೆ ತೆರೆಯಿತು. ಮಕ್ಕಳ ಮುಖಕ್ಕೆ ಮಾಸ್ಕು, ಯಾರು ನಗುತ್ತಾರೆ ಯಾರು ಬಿಕ್ಕುತ್ತಾರೆ ತಿಳಿಯದು. ನಾನು ಕೈಗಳನ್ನು ನೋಡುತ್ತ ಪಾಠ ಮಾಡಿದೆ. ಮೊದಲ ದಿನವೇ ಸಂಭ್ರಮದಿಂದ ಒಬ್ಬ ಕಳ್ಳನನ್ನು ಇಟ್ಟೆ. ಮಕ್ಕಳು ಕೂಗಿದರು, ನಕ್ಕರು. ರೇಷ್ಮಾಳ ಪೆನ್ನು ನಿಲ್ಲಲಿಲ್ಲ. ಎರಡನೆಯ ದಿನವೂ ನಿಲ್ಲಲಿಲ್ಲ. ಬೋರ್ಡಿನಲ್ಲಿ ಏನಿದೆಯೋ ಅದನ್ನು ಹಾಗೆಯೇ ಬರೆದುಕೊಳ್ಳುತ್ತಿದ್ದಳು, ಕಳ್ಳನನ್ನೂ ಸೇರಿಸಿ. ಬಹಳ ದಿನ ಶಾಲೆ ಬಿಟ್ಟಿದ್ದಕ್ಕೆ ಹೀಗಾಗಿರಬೇಕು ಎಂದುಕೊಂಡೆ.

ಆ ವಾರವೇ ಬಾಬುಸಾಬ ಶಾಲೆಗೆ ಬಂದ. ಲಾರಿ ರಸ್ತೆಯಲ್ಲಿ ನಿಲ್ಲಿಸಿ ಬಂದಿದ್ದ, ಅವಸರದಲ್ಲಿದ್ದ.

"ಸರ, ಈಕಿ ಸೈನ್ಸ್ ಒಲ್ಲೆ ಅಂತಾಳ್ರಿ. ಗಣಿತ ನನ್ನ ತಲಿಗೆ ಹತ್ತಂಗಿಲ್ಲಪ್ಪಾ, ಸರ ಸುಮ್ನ ಅಂದಿದ್ರು, ನಾ ಹೊಲಿಗಿ ಕಲಿತೇನಿ ಅಂತಾಳ. ಹೊಲಿಗಿಗೆ ನಂದೇನ ಬ್ಯಾಡ ಅನ್ನೂದಿಲ್ರಿ. ಆದ್ರ ನೀವ ಹೇಳಿದ್ರಿ, ನಾ ಊರ ತುಂಬ ಹೇಳ್ಕೊಂಡ ಅಡ್ಡಾಡೇನಿ. ಖರೇ ಹೇಳ್ರಿ, ಆಕಿಗೆ ಆಗತೈತೋ ಇಲ್ಲೋ?"

ಆಗುತ್ತದೆ ಎಂದೆ. ಹೇಳಿದ್ದೇನೋ ಗಟ್ಟಿಯಾಗಿ ಹೇಳಿದೆ, ಒಳಗೆ ಅಳುಕಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ರೇಷ್ಮಾಳನ್ನು ಕರೆದು ನೋಟ್‌ಬುಕ್ಕು ಕೇಳಿದೆ. ಹಿಂದಿನ ಪುಟಗಳಿಂದ ತಿರುವುತ್ತ ಬಂದೆ. ಎಲ್ಲ ಚೆಂದ, ಎಲ್ಲ ಸರಿ. ಸಮರೂಪ ತ್ರಿಭುಜಗಳ ಪುಟಕ್ಕೆ ಬಂದಾಗ ಕೈ ನಿಂತಿತು. ಪೆನ್ಸಿಲಿನಿಂದ ಬರೆದು ರಬ್ಬರಿನಿಂದ ತಿಕ್ಕಿ ತಿಕ್ಕಿ ಕಾಗದ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ ಅಳಿಸಿದ ಗೆರೆಗಳು ಕಾಣುತ್ತಿದ್ದವು. ದೊಡ್ಡ ತ್ರಿಭುಜ ಒಂದು, ಅದರೊಳಗೆ ಚಿಕ್ಕ ತ್ರಿಭುಜ ನಾಲ್ಕು, ಲೆಕ್ಕಕ್ಕೆ ಸರಿಯಾಗಿ ಕೂತಿದ್ದವು. ಪುಸ್ತಕದಲ್ಲಿ ಆ ಚಿತ್ರ ಇಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ, ಅವಳ ತಲೆಯಿಂದ ಬಂದದ್ದು. ಅದರ ಮೇಲೆ, ಪೆನ್ನಿನಿಂದ, ಮುದ್ದಾದ ಅಕ್ಷರದಲ್ಲಿ: ಒಂದಕ್ಕೆ ಎರಡು.

"ಇದನ್ನ ಯಾಕ ಅಳಿಸಿದಿ ಯವ್ವಾ?"

"ನಿಮಗ ಫೋಟೋ ಕಳಿಸಿದ್ದೆರಿ ಸರ, ಒಂದಕ್ಕ ನಾಕ ಅಲ್ಲೇನ್ರಿ ಅಂತ. ವಿಡಿಯೋ ಇನ್ನೊಮ್ಮೆ ನೋಡು ಅಂದ್ರಿ. ನೋಡಿದೆರಿ. ಭಾಳ ಸಲ ನೋಡಿದೆರಿ. ಅದರಾಗ ಎರಡನ ಇತ್ತು."

ಅಷ್ಟೇ ಅಂದಳು. ದೂರು ಹೇಳುವ ದನಿ ಅಲ್ಲ. ಮನೆಗೆ ಬಂದು ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ ಹುಡುಕಿದೆ. ನಾಲ್ಕು ತ್ರಿಭುಜದ ಫೋಟೋ ಇತ್ತು. ಅದರ ಕೆಳಗೆ ಅವಳ ಪ್ರಶ್ನೆ, ಅದರ ಕೆಳಗೆ ನನ್ನ ಆ ಸಾಲು. ಫೋಟೋ ತೆರೆದೂ ನೋಡಿರಲಿಲ್ಲ ನಾನು. ಜ್ವರವಿತ್ತು, ಹೌದು. ಕಣ್ಣಿಗೆ ಕತ್ತಲೆ ಬರುತ್ತಿತ್ತು, ಅದೂ ಹೌದು. ಆದರೆ ಎದ್ದ ಮೇಲೂ ತಿರುಗಿ ನೋಡಲಿಲ್ಲವಲ್ಲ. ಆ ಮಗು ತನಗೆ ಕಂಡ ಸತ್ಯವನ್ನು ನನ್ನ ಮೇಲಿನ ನಂಬಿಕೆಯಿಂದ ಅಳಿಸಿ ಹಾಕಿತ್ತು. ಶಾಂತಾ ಊಟಕ್ಕೆ ಕರೆದಳು, ಹೋಗಲಿಲ್ಲ. ಬಂದು ನೋಡಿದಳು, ನಾನು ಅಳುತ್ತಿದ್ದೆ. ಮೂವತ್ತು ವರ್ಷದ ನೌಕರಿಯಲ್ಲಿ ಶಾಲೆಯ ವಿಷಯಕ್ಕೆ ಅತ್ತದ್ದು ಅದೊಂದೇ ಸಲ.

ಫೋನಿನ ತಪ್ಪೇನೂ ಇರಲಿಲ್ಲ. ಅದು ಪ್ರಶ್ನೆಯನ್ನು ನನ್ನ ಕೈಯಲ್ಲಿಯೇ ತಂದಿಟ್ಟಿತ್ತು. ತರಗತಿಯಲ್ಲಿ ನಾನು ನೋಡದೆ ಇರಲು ಸಾಧ್ಯವಿರಲಿಲ್ಲ, ಅವಳು ಎದುರಿಗೆ ಇರುತ್ತಿದ್ದಳು. ಫೋನಿನಲ್ಲಿ ನೋಡದೆಯೂ ಉತ್ತರ ಕೊಡಬಹುದಿತ್ತು, ಕೊಟ್ಟೆ. ಸವಿತಾ, ನಿನ್ನ ಪ್ರಬಂಧಕ್ಕೆ ಬೇಕಾದ ವ್ಯತ್ಯಾಸ ಇಷ್ಟೇ ಎಂದು ನನಗೆ ಅನಿಸುತ್ತದೆ. ಎರಡು ಮಕ್ಕಳಿಗೆ ಒಂದೇ ಉತ್ತರವನ್ನು ನಕಲು ಮಾಡಿ ಕಳಿಸಬೇಡ. ಹೊತ್ತಿಲ್ಲದಿದ್ದರೆ ನಾಳೆ ಹೇಳುತ್ತೇನೆ ಎಂದು ಬರೆ, ಮತ್ತು ನಾಳೆ ಹೇಳು.

ಮರುದಿನ ತರಗತಿಯಲ್ಲಿ ನನ್ನ ಹಳೆಯ ಚಾಳಿ ಕೈ ಜಗ್ಗಿತು. ಬೇಕಂತಲೇ ಪರೀಕ್ಷೆ ಮಾಡಿದೆ ಎಂದು ನಕ್ಕುಬಿಟ್ಟರೆ ಸುಲಭವಿತ್ತು. ಹಾಗೆ ಮಾಡಲಿಲ್ಲ. ದೊಡ್ಡ ತ್ರಿಭುಜ ಬರೆದು, ಒಳಗೆ ನಾಲ್ಕು ಚಿಕ್ಕವನ್ನು ಬರೆದು, ಇದು ರೇಷ್ಮಾ ತೆಗೆದ ಚಿತ್ರ ಎಂದೆ.

"ವಿಡಿಯೋದಾಗ ಕಳ್ಳನ್ನ ನಾ ಬೇಕಂತ ಇಟ್ಟಿದ್ದೆ. ಈಕಿ ಹಿಡಕೊಂಡ ಬಂದು ಕೊಟ್ಟಳು, ನಾ ಕಣ್ಣೆತ್ತಿ ನೋಡಲಿಲ್ಲ. ಅದು ಬೇಕಂತ ಮಾಡಿದ್ದಲ್ಲ, ಅದು ನನ್ನ ಖರೇ ತಪ್ಪು. ರೇಷ್ಮಾ, ನನ್ನ ಕ್ಷಮಿಸವ್ವಾ."

ರೇಷ್ಮಾ ತಲೆ ತಗ್ಗಿಸಿ, ಇರ್ಲಿ ಬಿಡ್ರಿ ಸರ ಎಂದಳು. ಎಲ್ಲ ಸರಿಹೋಯಿತು ಎಂದುಕೊಂಡವನು ನಾನೊಬ್ಬನೇ. ಅವಳು ಮತ್ತೆ ಬೋರ್ಡಿನಲ್ಲಿದ್ದದ್ದನ್ನೇ ಬರೆದುಕೊಳ್ಳತೊಡಗಿದಳು. ಸರ್ ಒಳ್ಳೆಯವರು, ತನಗೆ ಬೇಜಾರಾಗಬಾರದೆಂದು ಹಾಗೆ ಹೇಳಿದರು ಎಂದು ಅವಳು ತಿಳಿದಿದ್ದಳೆಂದು ಅವಳ ಗೆಳತಿಯಿಂದ ಆಮೇಲೆ ಗೊತ್ತಾಯಿತು. ಒಮ್ಮೆ ತನ್ನ ಲೆಕ್ಕದ ಮೇಲೆ ನಂಬಿಕೆ ಕಳೆದುಕೊಂಡ ಮಗುವಿಗೆ ಹಿರಿಯರ ಒಂದು ಮಾತಿನಿಂದ ಅದು ತಿರುಗಿ ಬರುವುದಿಲ್ಲ. ನಾನು ಬೇರೇನೂ ಮಾಡಲಿಲ್ಲ. ದಿನಕ್ಕೆ ಒಂದು ಸಲ ಅವಳ ಬೆಂಚಿನ ಹತ್ತಿರ ಹೋಗಿ, ನಿನಗೇನನಿಸ್ತದ ಎಂದು ಕೇಳುತ್ತಿದ್ದೆ, ಉತ್ತರ ಬರುವ ತನಕ ನಿಲ್ಲುತ್ತಿದ್ದೆ. ಮೊದಮೊದಲು ನಿಮಗ ಗೊತ್ತಲ್ರಿ ಸರ ಎನ್ನುತ್ತಿದ್ದಳು. ಪಾಠಗಳು ಹಿಂದೆ ಬಿದ್ದವು, ಜೊತೆಯ ಶಿಕ್ಷಕರು ಗೊಣಗಿದರು. ಪರೀಕ್ಷೆ ಹತ್ತಿರ ಬರುತ್ತಿತ್ತು, ಬಾಬುಸಾಬ ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಮುಖ ನೋಡುತ್ತಿದ್ದ.

ಕೊನೆಯ ಪಾಠ ಸಂಭವನೀಯತೆ. ಎರಡು ನಾಣ್ಯಗಳನ್ನು ಚಿಮ್ಮಿದರೆ ಒಂದು ಹೆಡ್ಡು ಒಂದು ಟೇಲು ಬೀಳುವ ಸಂಭವ ಎಷ್ಟು? ಅರ್ಧ ಎಂದು ಬರೆದೆ. ಮೂರನೆಯ ಬೆಂಚಿನಿಂದ ಒಂದು ದನಿ ಬಂತು. ಯಾರದೆಂದು ನನಗೆ ಕೂಡಲೇ ತಿಳಿಯಲಿಲ್ಲ, ಅಷ್ಟು ಗಟ್ಟಿಯಾಗಿ ಅದನ್ನು ನಾನು ಕೇಳಿಯೇ ಇರಲಿಲ್ಲ.

"ಸರ, ಅಲ್ಲಿ ಕಳ್ಳ ಅದಾನ್ರಿ."

ರೇಷ್ಮಾ ಎದ್ದು ನಿಂತಿದ್ದಳು. ಆವತ್ತು ನಾನು ಇನ್ನೂ ಕಳ್ಳನನ್ನು ಇಟ್ಟಿರಲಿಲ್ಲ. ಇಲ್ಲವ್ವ, ಇದು ಸರಿ ಐತಿ ಎಂದೆ.

"ಇಲ್ರಿ ಸರ, ತಪ್ಪೈತಿ. ಎರಡೂ ಹೆಡ್ಡು, ಎರಡೂ ಟೇಲು, ಒಂದ ಹೆಡ್ಡು ಒಂದ ಟೇಲು. ಮೂರ ನಮೂನಿ ಬೀಳತಾವು. ಮೂರರಾಗ ಒಂದು ಆಗಬೇಕ್ರಿ."

ಬಂದು ತೋರಿಸು ಎಂದು ಸೀಮೆಸುಣ್ಣದ ಖಡು ಕೊಟ್ಟು ನಾನು ಹೋಗಿ ಅವಳ ಜಾಗದಲ್ಲಿ ಕುಳಿತೆ. ಅವಳು ಕಿಸೆಯಿಂದ ಒಂದು ರೂಪಾಯಿಯ ನಾಣ್ಯ ತೆಗೆದಳು, ಗೆಳತಿಯಿಂದ ಎರಡು ರೂಪಾಯಿಯದು ಇಸಿದುಕೊಂಡಳು. ಬೀಳುವ ಬಗೆಗಳನ್ನು ಬೋರ್ಡಿನ ಮೇಲೆ ಒಂದೊಂದಾಗಿ ಬರೆಯುತ್ತ ಹೋದಳು. ಎರಡೂ ಹೆಡ್ಡು, ಎರಡೂ ಟೇಲು, ಆಮೇಲೆ ಒಂದು ರೂಪಾಯಿ ಹೆಡ್ಡು, ಎರಡು ರೂಪಾಯಿ ಟೇಲು. ಅಷ್ಟು ಬರೆದು ಕೈ ತಡೆಯಿತು. ಒಂದು ರೂಪಾಯಿ ಟೇಲು, ಎರಡು ರೂಪಾಯಿ ಹೆಡ್ಡು ಎಂಬುದು ಬೇರೆಯೇ ಇದೆ ಎಂದು ಅವಳಿಗೆ ಕಂಡಿತು. ಹಾಗಾದರೆ ಬಗೆಗಳು ನಾಲ್ಕು, ಅದರಲ್ಲಿ ಬೇಕಾದವು ಎರಡು, ಅಂದರೆ ಅರ್ಧ. ಇಡೀ ತರಗತಿಯ ಮುಂದೆ, ಮೊದಲ ಸಲ ಬಾಯಿ ಬಿಟ್ಟ ದಿನವೇ, ಅವಳು ತಪ್ಪಿದ್ದಳು. ಇನ್ನು ಈ ಹುಡುಗಿ ಎಂದೂ ಏಳುವುದಿಲ್ಲ ಎಂದುಕೊಂಡೆ.

ರೇಷ್ಮಾ ನಮ್ಮ ಕಡೆ ತಿರುಗಿದಳು. ಮಾಸ್ಕಿನ ಮೇಲೆ ಅವಳ ಕಣ್ಣುಗಳು ನಗುತ್ತಿದ್ದವು.

"ನಂದ ತಪ್ಪೈತ್ರಿ ಸರ," ಅಂದಳು. "ತಡೀರಿ, ಮೂರು ನಾಣ್ಯ ಇದ್ರ ಏನಾಗತೈತಿ ನೋಡೂಣು."

ಡಸ್ಟರಿನಿಂದ ತನ್ನದನ್ನು ಒರೆಸಿ ಮೊದಲಿನಿಂದ ಬರೆಯತೊಡಗಿದಳು. ನಾನು ಅವಳ ಬೆಂಚಿನಿಂದ ಏಳಲಿಲ್ಲ. ಆ ದಿನದ ಪಾಠವನ್ನು ಅವಳೇ ಮಾಡಿ ಮುಗಿಸಿದಳು.